ಬೊಂಜಿಯನ್ನು ಬೆಳೆಸಿದ್ದು ಸಣ್ಣ ಟೂರ್ನಿಗಳು

2025ರ ಅಮೆರಿಕ ಓಪನ್ ಮೊದಲ ಸುತ್ತು. ಮೂರನೇ ಸೆಟ್‌ನಲ್ಲಿ ಫ್ರಾನ್ಸ್‌ನ ಬೆಂಜಮಿನ್ ಬೊಂಜಿಗೆ ಪಂದ್ಯ ಗೆಲ್ಲಲು ಒಂದೇ ಪಾಯಿಂಟ್ ಬೇಕಿತ್ತು. ಮೊದಲ ಸರ್ವ್ ತಪ್ಪಿತು. ಅಷ್ಟರಲ್ಲಿ ಛಾಯಾಗ್ರಾಹಕರೊಬ್ಬರು ಅಂಕಣದೊಳಗೆ ಬಂದರು. ಮೊದಲ ಸರ್ವ್ ಅನ್ನೇ ಮತ್ತೆ ಮಾಡಲು ಅಂಪೈರ್ ಅವಕಾಶ ಕೊಟ್ಟರು. ಕೆರಳಿದ ಎದುರಾಳಿ ಡ್ಯಾನಿಲ್ ಮೆಡ್ವೆಡೆವ್ ಪ್ರೇಕ್ಷಕರನ್ನು ಹುರಿದುಂಬಿಸಿದರು. ಗದ್ದಲಕ್ಕೆ ಆರು ನಿಮಿಷ ಆಟ ನಿಂತಿತು. ಆ ಸೆಟ್ ಬೊಂಜಿಯ ಕೈತಪ್ಪಿತು, ಮುಂದಿನದು 0–6. ಆದರೂ ಐದನೇ ಸೆಟ್ಟನ್ನು 6–4ರಿಂದ ಗೆದ್ದು ಅವರು ಮಾಜಿ ಚಾಂಪಿಯನ್‌ನನ್ನು ಹೊರಹಾಕಿದರು.

ಇದನ್ನು ಅಚ್ಚರಿಯ ಫಲಿತಾಂಶ ಎಂದು ಬಣ್ಣಿಸಿದರೆ ಅರ್ಧ ಸತ್ಯವನ್ನಷ್ಟೇ ಹೇಳಿದಂತೆ. ಬೊಂಜಿ ಗಳಿಸಿರುವ ಅತ್ಯುನ್ನತ ರ‍್ಯಾಂಕಿಂಗ್ 42. ಹಲವು ವರ್ಷ ನೂರರ ಆಚೀಚೆ ಕಳೆದಿದ್ದಾರೆ. ಅಲ್ಲಿ ಉಳಿಯುವುದೇ ಕಷ್ಟ. ಗಳಿಸಿದ ಪಾಯಿಂಟ್‌ಗಳು 52 ವಾರ ಕಳೆದರೆ ಲೆಕ್ಕದಿಂದ ಬಿದ್ದುಹೋಗುತ್ತವೆ. ಗಾಯಗೊಂಡು ಕೆಲವು ತಿಂಗಳು ಮನೆಯಲ್ಲಿ ಕುಳಿತರೆ ಮತ್ತೆ ಕೆಳಗಿನಿಂದಲೇ ಆರಂಭ. ಕೋಚ್, ವಿಮಾನದ ಖರ್ಚು ಹೆಚ್ಚಾಗಿ ಆಟಗಾರನದೇ.

ನಮ್ಮ ಊರಿಗೂ ಈ ಕಥೆಯಲ್ಲಿ ಪಾಲಿದೆ. 2020ರ ಫೆಬ್ರುವರಿಯಲ್ಲಿ ಕಬ್ಬನ್ ಪಾರ್ಕ್‌ನ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ (ಕೆಎಸ್‌ಎಲ್‌ಟಿಎ) ಅಂಕಣದಲ್ಲಿ ನಡೆದ, ಪುರುಷರ ವೃತ್ತಿಪರ ಟೆನಿಸ್ ನಡೆಸುವ ಎಟಿಪಿಯ ಮುಖ್ಯ ಟೂರ್ನಿಗಳಿಗಿಂತ ಒಂದು ಹಂತ ಕೆಳಗಿನ ಬೆಂಗಳೂರು ಓಪನ್ ಚಾಲೆಂಜರ್ ಫೈನಲ್‌ನಲ್ಲಿ ಬೊಂಜಿ ಆಸ್ಟ್ರೇಲಿಯಾದ ಜೇಮ್ಸ್ ಡಕ್‌ವರ್ತ್‌ಗೆ ಸೋತಿದ್ದರು. ಮರುವರ್ಷ ಆರು ಚಾಲೆಂಜರ್ ಪ್ರಶಸ್ತಿ ಗೆದ್ದು ಮೊದಲ ನೂರರೊಳಗೆ ಬಂದರು. ಆ ಆರರಲ್ಲಿ ಕಾಸಿ, ರೆನ್, ಸೇಂಟ್ ಟ್ರೊಪೆ ಮೂರೂ ಫ್ರಾನ್ಸ್‌ನ ಊರುಗಳೇ. ಮತ್ತೆ ಜಾರಿ ನೂರರಿಂದಾಚೆ ಹೋದವರು 2024ರಲ್ಲಿ ಮೆಟ್ಜ್‌ನಲ್ಲಿ ಅರ್ಹತಾ ಸುತ್ತಿನಿಂದ ಆಡಿ ಬಂದು, ಫೈನಲ್‌ನಲ್ಲಿ ಕ್ಯಾಮೆರಾನ್ ನೋರಿಯನ್ನು ಮಣಿಸಿ ಮೊದಲ ಎಟಿಪಿ ಪ್ರಶಸ್ತಿ ಎತ್ತಿದರು. ಅದೂ ಫ್ರಾನ್ಸ್‌ನಲ್ಲೇ. 2017ರಲ್ಲಿ ಫ್ರೆಂಚ್ ಓಪನ್‌ಗೆ ಅವರು ಕಾಲಿಟ್ಟಿದ್ದೂ ಆಯೋಜಕರು ಕೊಟ್ಟ ವೈಲ್ಡ್ ಕಾರ್ಡ್ ಮೂಲಕ.

ಪ್ರತಿಭೆ, ಪರಿಶ್ರಮ ಬೊಂಜಿಯವು. ಆದರೆ ಬಿದ್ದಾಗಲೆಲ್ಲ ಎದ್ದು ನಿಲ್ಲಲು ಸಮೀಪದಲ್ಲೇ ಟೂರ್ನಿಗಳಿದ್ದವು. ಫ್ರೆಂಚ್ ಓಪನ್‌ನ ಆದಾಯ ಅಲ್ಲಿನ ಟೆನಿಸ್ ಫೆಡರೇಷನ್‌ಗೆ ಬರುತ್ತದೆ, ಕ್ಲಬ್‌ಗಳ ಲೀಗ್ ಪಂದ್ಯಗಳೂ ವೃತ್ತಿಪರರಿಗೆ ಒಂದಿಷ್ಟು ಸಂಪಾದನೆ ಕೊಡುತ್ತವೆ.

ನಮ್ಮಲ್ಲಿ? 2017ರ ಬೆಂಗಳೂರು ಚಾಲೆಂಜರ್ ಗೆದ್ದ ಸುಮಿತ್ ನಗಾಲ್, ದೇಶದ ಅಗ್ರ ಸಿಂಗಲ್ಸ್ ಆಟಗಾರನಾಗಿದ್ದ 2023ರಲ್ಲಿ ತಮ್ಮ ಬ್ಯಾಂಕ್ ಖಾತೆಯಲ್ಲಿ 900 ಯೂರೊ ಮಾತ್ರ ಇದೆ ಎಂದಿದ್ದರು. ಮರುವರ್ಷ ಅದೇ ನಗಾಲ್ ಆಸ್ಟ್ರೇಲಿಯನ್ ಓಪನ್‌ನಲ್ಲಿ ಶ್ರೇಯಾಂಕಿತ ಅಲೆಕ್ಸಾಂಡರ್ ಬುಬ್ಲಿಕ್ ಅವರನ್ನು ಸೋಲಿಸಿದರು. ಇಷ್ಟು ಸಾಮರ್ಥ್ಯವಿದ್ದವರೂ ಹಣವಿಲ್ಲದೆ ಆಟ ಬಿಡುವ ಹಂತಕ್ಕೆ ಬರಬಹುದು ಎಂಬುದೇ ಆತಂಕದ ಸಂಗತಿ.

ಎಟಿಪಿ 2024ರಲ್ಲಿ ಮೊದಲ 250 ಆಟಗಾರರಿಗೆ ಕನಿಷ್ಠ ಆದಾಯದ ಖಾತರಿ ಜಾರಿಗೊಳಿಸಿತು; 176ರಿಂದ 250ರೊಳಗಿನವರಿಗೆ 75,000 ಡಾಲರ್. ಒಳ್ಳೆಯ ಹೆಜ್ಜೆ. ಆದರೆ 250ಕ್ಕೆ ಏರುವ ಮೊದಲಿನ ದಾರಿಯೇ ನಮ್ಮವರಿಗೆ ದುರ್ಗಮ. 2024ರ ಫೆಬ್ರುವರಿ–ಮಾರ್ಚ್‌ನಲ್ಲಿ ಚೆನ್ನೈ, ಬೆಂಗಳೂರು, ಪುಣೆ, ದೆಹಲಿಯಲ್ಲಿ ಸಾಲಾಗಿ ಚಾಲೆಂಜರ್‌ಗಳು ನಡೆದವು. ಇಂಥದೇ ಇನ್ನೊಂದು ಸರಣಿ ವರ್ಷದ ಕೊನೆಯಲ್ಲೂ ಬೇಕು. ಚಾಲೆಂಜರ್‌ಗಿಂತ ಕೆಳಗಿನ ಹಂತದ ಅಂತರರಾಷ್ಟ್ರೀಯ ಟೂರ್ನಿಗಳು ಮೈಸೂರು, ಧಾರವಾಡ, ಕಲಬುರಗಿಯಂಥ ಊರುಗಳಲ್ಲಿ ತಪ್ಪದೆ ನಡೆಯಬೇಕು. ಪದಕ ಗೆದ್ದ ಮೇಲೆ ಘೋಷಿಸುವ ಬಹುಮಾನದ ಒಂದು ಪಾಲನ್ನು ಸರ್ಕಾರ ಮತ್ತು ಕಂಪನಿಗಳು 300ನೇ ರ‍್ಯಾಂಕ್‌ನ ಹುಡುಗನ ಪ್ರಯಾಣಕ್ಕೆ, ಕೋಚ್‌ಗೆ ತೆಗೆದಿಡಬೇಕು. ದೊಡ್ಡ ಆಟಗಾರರು ಹುಟ್ಟಬೇಕಾದರೆ ಮೊದಲು ಸಣ್ಣ ಆಟಗಾರರು ಬದುಕಬೇಕು.