ಚೀಟಿಯಲ್ಲಿಲ್ಲದ ನಂಬರು

‘ಬೀಡಿ ಬಿಡಿ’ ಎನ್ನುತ್ತಾರೆ ಡಾಕ್ಟರು, ರೋಗಿ ತಲೆಯಾಡಿಸುತ್ತಾನೆ. ಅಲ್ಲಿಗೆ ಮುಗಿಯಿತು. 2016-17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ, ಆರೋಗ್ಯ ಸಿಬ್ಬಂದಿಯನ್ನು ಕಂಡುಬಂದ ಧೂಮಪಾನಿಗಳಲ್ಲಿ ಅಷ್ಟು ಮಾತನ್ನಾದರೂ ಕೇಳಿಸಿಕೊಂಡವರು ಅರ್ಧಕ್ಕಿಂತ ತುಸು ಕಡಿಮೆ.

ಬಿಟ್ಟವನಿಗೆ ಮೊದಲ ವಾರವೇ ಕಷ್ಟ: ನಿದ್ದೆಯಿಲ್ಲ, ಸಿಡಿಮಿಡಿ, ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಆಗ ವಿಚಾರಿಸುವವರು ಬೇಕು. ನನ್ನ ಪ್ರಕಾರ ಇದಕ್ಕೆ ಕ್ಷಯರೋಗ ಕೇಂದ್ರಕ್ಕಿಂತ ಒಳ್ಳೆಯ ಜಾಗವಿಲ್ಲ. ಔಷಧಿ ಸಾಮಾನ್ಯವಾಗಿ ಆರು ತಿಂಗಳು ನಡೆಯುತ್ತದೆ, ರೋಗಿಯ ಕಾರ್ಡು ಇರುತ್ತದೆ, ಮಾತ್ರೆ ತಪ್ಪಿಸಿದರೆ ಫೋನು ಬರುತ್ತದೆ. ಸೇದುವವರಲ್ಲಿ ಕ್ಷಯ ಮರುಕಳಿಸುವ ಅಪಾಯ ಹೆಚ್ಚೆಂಬುದೂ ಗೊತ್ತಿರುವುದೇ. ಅದೇ ಕಾರ್ಡಿನಲ್ಲಿ ಬೀಡಿ ಬಿಟ್ಟ ತಾರೀಖು ಬರೆದು, ಪ್ರತಿ ಸಲ ಕೇಳಲು ಎರಡು ನಿಮಿಷ ಸಾಕು. ಮತ್ತೆ ಸೇದಿದೆನೆಂದರೆ ಬೈಯದೆ ಹೊಸ ತಾರೀಖು ಬರೆಯಬೇಕು. (ಬೈದರೆ ಮುಂದಿನ ಸಲ ಸುಳ್ಳು ಹೇಳುತ್ತಾನೆ, ಅಷ್ಟೇ.)

ತಂಬಾಕು ಬಿಡಲು ನೆರವಾಗುವ ಉಚಿತ ಸಹಾಯವಾಣಿ 1800-11-2356. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ. ಮುಂಬೈಯ ಆಸ್ಪತ್ರೆಯಲ್ಲಿ ಹಿಂದಿ, ಮರಾಠಿಗೆ ತಡವರಿಸುವ ನಮ್ಮೂರಿನ ಹೋಟೆಲ್ ಕೆಲಸಗಾರನಿಗೆ ಇದು ಸಣ್ಣ ಸಂಗತಿಯಲ್ಲ. 2018ರಿಂದ ಸಿಗರೇಟು ಪ್ಯಾಕಿನ ಮೇಲೆಯೇ ಅಚ್ಚಾಗುತ್ತಿರುವ ಈ ನಂಬರನ್ನು ಔಷಧಿ ಚೀಟಿಯ ಮೇಲೆ ಅಚ್ಚು ಹಾಕಲು ಆಸ್ಪತ್ರೆಗಳಿಗೆ ಏನು ಅಡ್ಡಿ?