ಪಾಯ ತೆಗೆಯುವಾಗಲೇ ಬನ್ನಿ

ಕಳೆದ ತಿಂಗಳು ನಮ್ಮ ಗಲ್ಲಿಯ ನಾಲ್ಕು ಅಂತಸ್ತಿನ ಕಟ್ಟಡವೊಂದರ ಗೋಡೆಗೆ ಅಧಿಕಾರಿಗಳು ನೋಟಿಸ್ ಅಂಟಿಸಿ ಹೋದರು. ನಕ್ಷೆ ಮಂಜೂರಾಗಿರುವುದು ಎರಡು ಅಂತಸ್ತಿಗೆ ಮಾತ್ರ, ಮೇಲಿನದೆಲ್ಲ ಅಕ್ರಮ ಎಂದು ಅದರಲ್ಲಿತ್ತು. ಆ ಮೇಲಿನ ಅಂತಸ್ತುಗಳಲ್ಲಿ ಐದು ಬಾಡಿಗೆ ಕುಟುಂಬಗಳಿವೆ. ಬಟ್ಟೆ ಹೊಲಿದು ಜೀವನ ಮಾಡುವ ಖಾಲಾ ಒಬ್ಬರು ನನ್ನನ್ನು ಕರೆದು, "ಬೇಟಿ, ಏನು ಬರೆದಿದ್ದಾರೆ ಓದಿ ಹೇಳು" ಎಂದರು. ಓದಿ ಹೇಳಿದೆ. "ನಾನು ಅಡ್ವಾನ್ಸ್ ಕೊಟ್ಟು, ತಿಂಗಳು ತಿಂಗಳು ಬಾಡಿಗೆ ಕಟ್ಟಿದ್ದೇನೆ. ಇದರಲ್ಲಿ ನನ್ನ ತಪ್ಪೇನು?" ಎಂದು ಕೇಳಿದರು. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಅಂದಿನಿಂದ ಅದೇ ಪ್ರಶ್ನೆ ತಲೆಯಲ್ಲಿದೆ.

ಕಟ್ಟಡ ನಿಯಮಗಳೇ ಬೇಡ ಎಂದು ನಾನು ಹೇಳುತ್ತಿಲ್ಲ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ಗೆ ಬೆಂಕಿ ಬಿದ್ದಾಗ ಹೊರಬರುವ ದಾರಿ ಸಿಗದೆ ಒಂಬತ್ತು ಜನ ಸತ್ತರು. 2024ರ ಅಕ್ಟೋಬರ್ 22ರಂದು ಅದೇ ನಗರದ ಬಾಬುಸಾಪಾಳ್ಯದಲ್ಲಿ ಪರವಾನಗಿ ಮೀರಿ ಎತ್ತರಕ್ಕೆ ಏರಿಸುತ್ತಿದ್ದ ಕಟ್ಟಡ ಕುಸಿದು ಮತ್ತೆ ಒಂಬತ್ತು ಜನ ಸತ್ತರು. ಅವರು ಹೊಟ್ಟೆಪಾಡಿಗೆ ಬಂದ ಕೂಲಿ ಕಾರ್ಮಿಕರು. ನಿಯಮ ಮುರಿದವರು ಒಬ್ಬರು, ಜೀವ ತೆತ್ತವರು ಇನ್ನೊಬ್ಬರು. ಆದ್ದರಿಂದ ನಿಯಮ ಬೇಕು, ಅದು ಜಾರಿಯೂ ಆಗಬೇಕು. ನನ್ನ ಪ್ರಶ್ನೆ ಯಾವಾಗ ಮತ್ತು ಹೇಗೆ ಎಂಬುದು.

ನಾಲ್ಕು ಅಂತಸ್ತು ಒಂದೇ ರಾತ್ರಿಯಲ್ಲಿ ಏಳುವುದಿಲ್ಲ. ಜಲ್ಲಿ, ಮರಳು ತಿಂಗಳುಗಟ್ಟಲೆ ರಸ್ತೆಯಲ್ಲೇ ಬಿದ್ದಿರುತ್ತವೆ. ಮೂರನೇ ಮೋಲ್ಡ್ ಹಾಕುವುದು ಇಡೀ ಗಲ್ಲಿಗೆ ಕಾಣುತ್ತದೆ, ಅಧಿಕಾರಿಗೆ ಮಾತ್ರ ಕಾಣುವುದಿಲ್ಲ. ಕಟ್ಟಿ ಮುಗಿದು, ಕರೆಂಟ್ ಬಂದು, ಬಾಡಿಗೆದಾರರು ಸೇರಿ, ವರ್ಷಗಳಾದ ಮೇಲೆ ನೋಟಿಸ್ ಬರುತ್ತದೆ. ಅಷ್ಟರಲ್ಲಿ ಮಾಲೀಕರ ಲಾಭ ಕೈಸೇರಿರುತ್ತದೆ. ಉಳಿದ ಭಾರ ಖಾಲಾನಂಥವರ ತಲೆ ಮೇಲೆ.

ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಇದನ್ನೇ ಸರಿಪಡಿಸಲು ನೋಡಿದೆ. ಕೆಲಸ ಮುಗಿಯುವವರೆಗೂ ಮಂಜೂರಾದ ನಕ್ಷೆಯನ್ನು ಸ್ಥಳದಲ್ಲೇ ಪ್ರದರ್ಶಿಸಬೇಕು, ಅಧಿಕಾರಿಗಳು ಆಗಾಗ ಬಂದು ಪರಿಶೀಲಿಸಿ ದಾಖಲೆ ಇಡಬೇಕು, ಜನ ಓ.ಸಿ. ಎನ್ನುವ ಸ್ವಾಧೀನಾನುಭವ ಪತ್ರ ಸಿಕ್ಕ ಮೇಲೆಯೇ ನೀರು, ವಿದ್ಯುತ್ ಕೊಡಬೇಕು, ತಪ್ಪು ಮಾಡಿದ ಅಧಿಕಾರಿಯ ಮೇಲೂ ಕ್ರಮ ಆಗಬೇಕು ಎಂದಿದೆ. ಅಂದರೆ ಪಾಯ ತೆಗೆಯುವಾಗಲೇ ಬನ್ನಿ ಎಂದರ್ಥ.

ಅದಕ್ಕೂ ಮೊದಲು, 2024ರ ನವೆಂಬರ್ 13ರಂದು, ಅದೇ ನ್ಯಾಯಾಲಯ ಕೆಡವುವ ವಿಧಾನದ ಬಗ್ಗೆ ತೀರ್ಪು ಕೊಟ್ಟಿತ್ತು. ಕನಿಷ್ಠ 15 ದಿನದ ನೋಟಿಸ್, ಮಾತಾಡಲು ಅವಕಾಶ, ಕಾರಣ ಬರೆದ ಆದೇಶ, ಆದೇಶದ ನಂತರ ಮತ್ತೆ 15 ದಿನ ಕಡ್ಡಾಯ. ರಸ್ತೆ, ಫುಟ್‌ಪಾತ್, ಕೆರೆಯಂಥ ಸಾರ್ವಜನಿಕ ಜಾಗದ ಒತ್ತುವರಿಗೆ ಮಾತ್ರ ಇದು ಅನ್ವಯಿಸದು. ಯಾರದೋ ಮೇಲೆ ಅಪರಾಧದ ಆರೋಪ ಬಂದ ಮಾತ್ರಕ್ಕೆ ಅವರ ಮನೆ ಕೆಡವುವಂತಿಲ್ಲ ಎಂದೂ ಅದು ಸ್ಪಷ್ಟವಾಗಿ ಹೇಳಿತು. ಬುಲ್ಡೋಜರ್‌ನ ವಿಡಿಯೋ ನೋಡಿ ನಮ್ಮಲ್ಲೂ ಕೆಲವರು ಸ್ಟೇಟಸ್ ಹಾಕುತ್ತಾರೆ. ಆ ಮನೆಯೊಳಗೆ ಪರೀಕ್ಷೆಗೆ ಓದುತ್ತಿದ್ದ ನಮ್ಮಂಥ ಒಬ್ಬ ವಿದ್ಯಾರ್ಥಿ ಇದ್ದಿರಬಹುದು ಎಂದು ಒಮ್ಮೆ ಯೋಚಿಸಿ.

ಹಾಗೆಂದು ದಂಡ ಕಟ್ಟಿಸಿಕೊಂಡು ಎಲ್ಲವನ್ನೂ ಬಿಟ್ಟುಬಿಡುವುದೂ ಪರಿಹಾರವಲ್ಲ. ಶುಲ್ಕ ಪಡೆದು ಸಕ್ರಮ ಮಾಡುವ ನಮ್ಮ ರಾಜ್ಯದ 'ಅಕ್ರಮ-ಸಕ್ರಮ' ಯೋಜನೆಗೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. ಹಣ ಕಟ್ಟಿದ ಮಾತ್ರಕ್ಕೆ ದುರ್ಬಲ ಕಂಬ ಗಟ್ಟಿಯಾಗುವುದಿಲ್ಲ. ನಿಯಮ ಪಾಲಿಸಿ ಚಿಕ್ಕ ಮನೆ ಕಟ್ಟಿದವನು ಮೂರ್ಖನಾಗುತ್ತಾನೆ, ಅಷ್ಟೇ.

20×30 ನಿವೇಶನದಲ್ಲಿ ಸುತ್ತಲೂ ಜಾಗ ಬಿಟ್ಟರೆ ಬಡವ ಎಲ್ಲಿ ಮನೆ ಕಟ್ಟಬೇಕು ಎಂದು ಅಬ್ಬಾ ಕೇಳುತ್ತಾರೆ. ನ್ಯಾಯವಾದ ಮಾತು. 2025ರಲ್ಲಿ ರಾಜ್ಯ ಸರ್ಕಾರ 1,200 ಚದರ ಅಡಿವರೆಗಿನ ನಿವೇಶನದ ಸಣ್ಣ ಮನೆಗಳಿಗೆ ಓ.ಸಿ.ಯಿಂದ ವಿನಾಯಿತಿ ಕೊಟ್ಟದ್ದೂ ಇಂಥ ಕಷ್ಟ ನೋಡಿಯೇ. ಪಾಲಿಸಲಾಗದ ನಿಯಮದಿಂದ ಲಂಚ ಮಾತ್ರ ಬೆಳೆಯುತ್ತದೆ. ಆದರೆ ಮೆಟ್ಟಿಲು, ಕಂಬ, ಬೆಂಕಿಯಿಂದ ತಪ್ಪಿಸಿಕೊಳ್ಳುವ ದಾರಿ, ಇವುಗಳಲ್ಲಿ ರಿಯಾಯಿತಿ ಕೂಡದು. ಬಡವರ ಜೀವವೂ ಜೀವವೇ.

ಹಾಗಾಗಿ ನಗರಾಡಳಿತ ಮೊದಲು ಜೀವಕ್ಕೆ ಅಪಾಯ ಇರುವ ಕಟ್ಟಡಗಳನ್ನು ನೋಡಲಿ. ದೊಡ್ಡ ಮಾಲ್‌ಗೂ ಗಲ್ಲಿಯ ಮನೆಗೂ ಒಂದೇ ಅಳತೆಗೋಲು ಹಿಡಿಯಲಿ. ಮಾಲೀಕರು ತಪ್ಪು ಮಾಡಿದಾಗ ಬಾಡಿಗೆದಾರರ ಅಡ್ವಾನ್ಸ್ ವಾಪಸ್ ಕೊಡಿಸಿ, ಬೇರೆ ಮನೆ ಹುಡುಕಲು ಸಮಯ ಕೊಡಲಿ.

ನಮ್ಮ ಪಾಲಿನದೂ ಇದೆ. ನಾಳೆ ನಮ್ಮ ಮನೆಯವರು ಮನೆ ಕಟ್ಟುವಾಗ ಅಥವಾ ಬಾಡಿಗೆಗೆ ಹಿಡಿಯುವಾಗ "ನಕ್ಷೆ ತೋರಿಸಿ" ಎಂದು ಕೇಳುವವರು ನಾವಾಗೋಣ. ಆ ಕಾಗದ ಓದಲು ಬರುವುದು ಎಷ್ಟೋ ಮನೆಗಳಲ್ಲಿ ನಮಗೆ ಮಾತ್ರ.

ಖಾಲಾ ಇನ್ನೂ ಅದೇ ಮನೆಯಲ್ಲಿದ್ದಾರೆ. ಹಬ್ಬದ ಬಟ್ಟೆಗಳ ಆರ್ಡರ್ ಹಿಡಿಯುವುದೋ ಬೇಡವೋ ಎಂದು ಅವರಿಗೆ ತಿಳಿಯುತ್ತಿಲ್ಲ.

– ದ್ವಿತೀಯ ಪಿ.ಯು.ಸಿ., ಕಲಾ ವಿಭಾಗದ ವಿದ್ಯಾರ್ಥಿನಿ