ಹೆಸರಿಲ್ಲದ ಭಾವಚಿತ್ರಗಳು

ಹಲಸೂರಿನಿಂದ ಬರುವ ವಿದ್ಯಾರ್ಥಿನಿಯೊಬ್ಬಳು ತನ್ನ ಮನೆಯ ಹಳೆಯ ಭಾವಚಿತ್ರವೊಂದನ್ನು ತಂದು ತೋರಿಸಿದಳು. ದಪ್ಪ ರಟ್ಟಿಗೆ ಅಂಟಿಸಿದ ಚಿತ್ರ. ನಡುವೆ ಕುರ್ಚಿಯಲ್ಲಿ ಕುಳಿತ ವೃದ್ಧೆ, ಸುತ್ತ ಏಳು ಮಂದಿ. ರಟ್ಟಿನ ಅಂಚಿನಲ್ಲಿ ‘ಸೌತ್ ಪರೇಡ್’ ಎಂಬ ವಿಳಾಸ ಅಚ್ಚಾಗಿತ್ತು. ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿದ್ದ ಪದ ಒಂದೇ: ‘ಅಜ್ಜಿ’. ಬರೆದವರಿಗೆ ಅಷ್ಟು ಸಾಕಿತ್ತು. ಬರೆದವರು ಯಾರೆಂಬುದೇ ತಿಳಿಯದ ಇಂದು, ಅದು ಯಾರ ಅಜ್ಜಿ ಎಂದು ಹೇಳುವವರಿಲ್ಲ. ಹೇಳಬಲ್ಲವರಾಗಿದ್ದ ದೊಡ್ಡತಾತ ಎರಡು ವರ್ಷದ ಹಿಂದೆ ತೀರಿಕೊಂಡಿದ್ದರು. “ಅವರಿದ್ದಾಗ ಕೇಳಲಿಲ್ಲ ಸರ್” ಎಂದಳು.

ಹಸ್ತಪ್ರತಿ, ಶಾಸನಗಳ ವಿಷಯದಲ್ಲಿ ನಾವು ಪಾಲಿಸುವ ಶಿಸ್ತನ್ನು ಮನೆಯ ಭಾವಚಿತ್ರಗಳಿಗೂ ಅನ್ವಯಿಸಬೇಕೆಂಬುದು ನನ್ನ ವಾದ. ಅವು ಕೇವಲ ಕುಟುಂಬದ ನೆನಪುಗಳಲ್ಲ. ಉಡುಗೆ, ಒಡವೆ, ಬಂಧುತ್ವ, ವಲಸೆ ಇವುಗಳ ದಾಖಲೆಗಳು. ಸಾಹಿತ್ಯ ಚರಿತ್ರೆಕಾರನಿಗೂ ಅವು ಆಕರಗಳೇ.

ಬೆಂಗಳೂರಿನ ದಂಡು ಪ್ರದೇಶದ ಚಿತ್ರಗಳಲ್ಲಿ ವಿಳಾಸವೇ ಮೊದಲ ಸಾಕ್ಷ್ಯ. 1809ರಲ್ಲಿ ನೆಲೆಗೊಂಡ ದಂಡು, 1881ರಲ್ಲಿ ಮೈಸೂರು ರಾಜ್ಯವು ಒಡೆಯರಿಗೆ ಮರಳಿದ ಮೇಲೂ ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬ ಹೆಸರಿನಲ್ಲಿ ಬ್ರಿಟಿಷರ ಆಡಳಿತದಲ್ಲೇ ಉಳಿಯಿತು. ಮೈಸೂರಿಗೆ ಮರಳಿದ್ದು 1947ರಲ್ಲಿ. ಸೌತ್ ಪರೇಡ್ 1948ರಲ್ಲಿ ಮಹಾತ್ಮ ಗಾಂಧಿ ರಸ್ತೆಯಾಯಿತು. ಬ್ಲ್ಯಾಕ್‌ಪಲ್ಲಿ ಶಿವಾಜಿನಗರವಾಯಿತು. ಫ್ರೇಜರ್ ಟೌನ್ ಎಂಬ ವಿಳಾಸವಿದ್ದರೆ, 1898ರ ಪ್ಲೇಗಿನ ತರುವಾಯ ಆ ಬಡಾವಣೆ ಹುಟ್ಟಿದ ಕಾಲಕ್ಕಿಂತ ಹಿಂದಕ್ಕೆ ಹೋಗಲಾಗದು. ಹೀಗೆ ಮೇಲ್ಮಿತಿ, ಕೆಳಮಿತಿಗಳು ದೊರೆಯುತ್ತವೆ. ಆದರೆ ಎಚ್ಚರ ಬೇಕು: ಸ್ಟುಡಿಯೋದವರು ಹಳೆಯ ರಟ್ಟು ಮುಗಿಯುವವರೆಗೆ ಬಳಸಿರಬಹುದು, ಹಳೆಯ ನೆಗೆಟಿವ್‌ನಿಂದ ಎಷ್ಟೋ ಕಾಲದ ಮೇಲೆ ಪ್ರತಿ ತೆಗೆದಿರಬಹುದು. ಕೃತಿಯ ಕಾಲ ಬೇರೆ, ಪ್ರತಿಯ ಕಾಲ ಬೇರೆ ಎಂಬುದನ್ನು ಗ್ರಂಥ ಸಂಪಾದನೆ ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಿಂಬದಿಯ ಬರಹವೂ ಅಷ್ಟೇ ಮುಖ್ಯ. ದಂಡಿನ ಮನೆಗಳಲ್ಲಿ ಅದು ತಮಿಳಿನಲ್ಲೋ ಉರ್ದುವಿನಲ್ಲೋ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಇರಬಹುದು. ಓದಲು ಬಾರದೆಂದು ಕಡೆಗಣಿಸದೆ ಬಲ್ಲವರಿಂದ ಓದಿಸಬೇಕು. ಸ್ಕ್ಯಾನ್ ಮಾಡುವವರು ಮುಂಬದಿಯನ್ನಷ್ಟೇ ಮಾಡಿ ಹಿಂಬದಿಯನ್ನು ಬಿಡುವುದು, ಪುಷ್ಪಿಕೆಯನ್ನು ಕೈಬಿಟ್ಟು ಕಾವ್ಯವನ್ನು ನಕಲು ಮಾಡಿದಂತೆ.

ಈಚೆಗೆ ಕಪ್ಪು-ಬಿಳುಪು ಚಿತ್ರಗಳಿಗೆ ಯಂತ್ರದಿಂದ ಬಣ್ಣ ತುಂಬಿಸಿ, ಮಸುಕಾದ ಮುಖಗಳನ್ನು ತಿದ್ದಿಸುವ ರೂಢಿ ಹೆಚ್ಚಿದೆ. ಯಂತ್ರಕ್ಕೆ ಆ ಸೀರೆಯ ಬಣ್ಣ ತಿಳಿಯದು, ಸವೆದುಹೋದ ಕಣ್ಣಿನ ಆಕಾರವೂ ತಿಳಿಯದು, ಅದು ಊಹಿಸುತ್ತದೆ. ಊಹಾಪಾಠವನ್ನು ಊಹಾಪಾಠವೆಂದು ಗುರುತಿಸದೆ ಮೂಲದೊಳಗೆ ಸೇರಿಸುವುದು ಪ್ರಕ್ಷೇಪವಲ್ಲದೆ ಮತ್ತೇನು? ಗೋಡೆಗೆ ತೂಗುಹಾಕಲು ಬಣ್ಣದ ಪ್ರತಿ ಇರಲಿ. ತಿದ್ದದ ಪ್ರತಿಯನ್ನು ಬೇರೆಯಾಗಿಯೇ ಉಳಿಸಬೇಕು. ವ್ಯಕ್ತಿಗಳನ್ನು ಗುರುತಿಸುವಾಗಲೂ ಇದೇ ನಿಯಮ. ಖಚಿತವಾದದ್ದನ್ನು ಖಚಿತವೆಂದೂ, ಅನುಮಾನವನ್ನು ಪ್ರಶ್ನೆಚಿಹ್ನೆಯೊಡನೆಯೂ, ಹೇಳಿದವರ ಹೆಸರು ಮತ್ತು ದಿನಾಂಕದೊಡನೆಯೂ ಬರೆಯಬೇಕು.

ರಕ್ಷಣೆಯ ಕ್ರಮ ಕಷ್ಟದ್ದಲ್ಲ. ಅಂಟುಹಾಳೆಯ ಆಲ್ಬಮ್, ಲ್ಯಾಮಿನೇಷನ್, ಸೆಲ್ಲೊಟೇಪು ಬೇಡ. ಆಮ್ಲರಹಿತ ಕಾಗದದ ಲಕೋಟೆಯಲ್ಲಿಟ್ಟು, ತೇವ ತಾಗುವ ಹೊರಗೋಡೆಯಿಂದ ದೂರವಿರಿಸಬೇಕು. ಹಿಂಬದಿಯ ಅಂಚಿನಲ್ಲಿ ಮೃದುವಾದ ಪೆನ್ಸಿಲಿನಿಂದ ಹಗುರವಾಗಿ ಬರೆಯಬೇಕು. ಬಾಲ್‌ಪೆನ್ನಿನ ಒತ್ತು ಮುಂಬದಿಯಲ್ಲಿ ಮೂಡುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು ಪ್ರತಿಗಳನ್ನು ಹಂಚುವುದು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಆಕೆಯ ಶಾಸ್ತ್ರದಾನದಲ್ಲಿ ಧರ್ಮಬುದ್ಧಿಯೊಡನೆ ಸಂರಕ್ಷಣೆಯ ವಿವೇಕವೂ ಇತ್ತು. ಒಂದು ಪೆಟ್ಟಿಗೆಗೆ ಗೆದ್ದಲು ಹಿಡಿದರೂ ಮತ್ತೊಂದು ಮನೆಯಲ್ಲಿ ಪ್ರತಿ ಉಳಿದಿರುತ್ತದೆ.

ಸಾಮಾನ್ಯರ ಹೆಸರನ್ನು ದಾಖಲಿಸಿ ಏನು ಪ್ರಯೋಜನ ಎನ್ನುವವರಿದ್ದಾರೆ. ಸುಮಾರು ಕ್ರಿ.ಶ. 890ರ ಬೇಗೂರಿನ ಶಾಸನ ಬೆಂಗಳೂರಿನ ಕಾಳಗದಲ್ಲಿ ಮಡಿದವನ ಹೆಸರನ್ನು ಉಳಿಸಲೆಂದು ಹುಟ್ಟಿದ್ದು. ಆ ಸಾವನ್ನು ಯಾರೂ ಬರೆಯದಿದ್ದರೆ ನಮ್ಮ ಊರಿನ ಹೆಸರಿಗೆ ಅಷ್ಟು ಪ್ರಾಚೀನವಾದ ಆಧಾರವೂ ಇರುತ್ತಿರಲಿಲ್ಲ. ಶ್ರವಣಬೆಳಗೊಳದ ಎಷ್ಟೋ ನಿಸಿದಿ ಶಾಸನಗಳು ಸಲ್ಲೇಖನದಿಂದ ಮುಡಿಪಿದವರ ಹೆಸರನ್ನಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ಗುರು, ಗಣಗಳನ್ನೂ ತಿಳಿಸುತ್ತವೆ. ನಮ್ಮ ಮನೆಯ ಚಿತ್ರಗಳಿಗೂ ಬೇಕಾದದ್ದು ಅದೇ: ಯಾರು, ಯಾರ ಮಗಳು, ಯಾವ ಊರು, ಯಾವ ಸಂದರ್ಭ.

ರಜೆಯಲ್ಲಿ ಊರಿಗೆ ಹೋಗುವ ವಿದ್ಯಾರ್ಥಿಗಳು ಕ್ಷೇತ್ರಕಾರ್ಯವನ್ನು ತಮ್ಮ ಮನೆಯಿಂದಲೇ ಆರಂಭಿಸಲಿ. ಮನೆಯ ಅತ್ಯಂತ ಹಿರಿಯರ ಮುಂದೆ ಆಲ್ಬಮ್ ತೆರೆದಿಟ್ಟು, ಅವರ ಮಾತನ್ನು ಮುದ್ರಿಸಿಕೊಂಡು ಬರೆದಿಡಲಿ. ಹಲಸೂರಿನ ಆ ಹುಡುಗಿ ‘ಅಜ್ಜಿ’ ಎಂಬ ಬರಹವನ್ನು ಅಳಿಸಲಿಲ್ಲ. ಅದರ ಕೆಳಗೆ, ಚಿತ್ರ ಯಾವ ಪೆಟ್ಟಿಗೆಯಲ್ಲಿ ಯಾರ ಬಳಿ ದೊರೆಯಿತೆಂದು ಬರೆದು, ‘ಗುರುತು ತಿಳಿದಿಲ್ಲ’ ಎಂದು ಸೇರಿಸಿದಳು. ಈಗ ಉಳಿದ ಚಿತ್ರಗಳನ್ನು ಹಿಡಿದು ತಾಯಿಯ ಸೋದರತ್ತೆಯ ಮನೆಗೆ ಹೋಗಿಬರುತ್ತಿದ್ದಾಳೆ.